ನದಿ ಸರಿಯಿತು, ನಕ್ಷೆ ಉಳಿಯಿತು

ಹೊಲದ ಬದುವಿಗಾಗಿ ನಡೆಯುವ ಜಗಳ ನಮ್ಮ ಹಳ್ಳಿಗಳಿಗೆ ಹೊಸತಲ್ಲ. ಅಣ್ಣತಮ್ಮಂದಿರು ಮಾತು ಬಿಡುತ್ತಾರೆ, ಹಿರಿಯರು ಸೇರಿ ಪಂಚಾಯಿತಿ ಮಾಡುತ್ತಾರೆ. ಅದೂ ಬಗೆಹರಿಯದಿದ್ದರೆ ಸರ್ವೆಯವರು ಬಂದು ಸರಪಳಿ ಹಿಡಿದು ಅಳೆದು, ಹುಲ್ಲಿನಡಿ ಹೂತುಹೋದ ಬಾಂದುಕಲ್ಲನ್ನು ಹುಡುಕಿ ತೋರಿಸುತ್ತಾರೆ. ಅಲ್ಲಿಗೆ ಜಗಳ ಮುಗಿಯುತ್ತದೆ. ನೆಟ್ಟ ಕಲ್ಲು ನೆಟ್ಟಲ್ಲೇ ಇರುತ್ತದೆ, ಗ್ರಾಮನಕಾಶೆಯಲ್ಲಿ ಬರೆದದ್ದು ನೆಲದ ಮೇಲೆ ಸಿಗುತ್ತದೆ ಎಂಬ ಭರವಸೆಯ ಮೇಲೆಯೇ ನಮ್ಮ ಕಂದಾಯ ವ್ಯವಸ್ಥೆ ನಿಂತಿದೆ.

ಆದರೆ ಕಲ್ಲು ನೆಡಲು ನೆಲವೇ ನಿಲ್ಲದ ನಾಡೊಂದಿದ್ದರೆ? ಈ ವರ್ಷ ಉತ್ತ ಹೊಲ ಮುಂದಿನ ವರ್ಷ ನದಿಯ ನಡುವೆ ಸೇರಿಹೋಗಿ, ಹತ್ತಿಪ್ಪತ್ತು ವರ್ಷದ ಮೇಲೆ ಮರಳ ದಿಬ್ಬವಾಗಿ ಮತ್ತೆಲ್ಲೋ ತಲೆ ಎತ್ತುವ ನಾಡಿನಲ್ಲಿ ನಕ್ಷೆಗೆ ಏನು ಬೆಲೆ? ಗಂಗಾ, ಬ್ರಹ್ಮಪುತ್ರ, ಮೇಘನಾ ನದಿಗಳು ಕೂಡಿ ಕಟ್ಟಿದ ಬಂಗಾಳದ ಮುಖಜಭೂಮಿ ಅಂಥ ನಾಡು. ಅಲ್ಲಿನ ಎರಡೂವರೆ ಶತಮಾನಗಳ ನಕ್ಷೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನದಿಗಳ ಚರಿತ್ರೆಯ ಜೊತೆಗೆ ನೆಲ ಕಳೆದುಕೊಂಡ ಲಕ್ಷಾಂತರ ಜನರ ಚರಿತ್ರೆಯೂ ತೆರೆದುಕೊಳ್ಳುತ್ತದೆ. ಅವರಲ್ಲಿ ಬಹುಪಾಲು ಬಡ ಮುಸ್ಲಿಮ್ ರೈತರು ಮತ್ತು ಮೀನುಗಾರರು ಎಂಬುದನ್ನೂ ನಾವು ಗಮನಿಸಬೇಕು.

ರೆನೆಲ್ ಅಳೆದ ನೀರು

1764ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಬಂಗಾಳದ ಗವರ್ನರ್ ವಾನ್ಸಿಟ್ಟಾರ್ಟ್ 21 ವರ್ಷದ ಜೇಮ್ಸ್ ರೆನೆಲ್ ಎಂಬ ತರುಣನನ್ನು ಅಳತೆಯ ಕೆಲಸಕ್ಕೆ ನೇಮಿಸಿದ. ಇಂಗ್ಲೆಂಡಿನ ಡೆವನ್ ಪ್ರಾಂತ್ಯದಲ್ಲಿ 1742ರಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ನೌಕಾಪಡೆ ಸೇರಿದ್ದವನು ಆತ. ಬೇಸಿಗೆಯಲ್ಲೂ ಗಂಗೆಯಿಂದ ಕಲ್ಕತ್ತೆಗೆ ದೋಣಿಗಳು ಸಾಗಬಲ್ಲ ದಾರಿ ಹುಡುಕುವುದು ಅವನ ಮೊದಲ ಹೊಣೆ. ಮರುವರ್ಷ, 1765ರಲ್ಲಿ, ಬಂಗಾಳದ ದಿವಾನಿ, ಅಂದರೆ ಕಂದಾಯ ವಸೂಲಿಯ ಹಕ್ಕು, ಮೊಗಲ್ ಬಾದಶಹನಿಂದ ಕಂಪೆನಿಯ ಕೈಗೆ ಬಂತು. ದೋಣಿಯ ದಾರಿ ಹುಡುಕಲು ಹೊರಟ ಸರ್ವೆ ಈಗ ಇಡೀ ನಾಡನ್ನು ಅಳೆಯುವ ಕೆಲಸವಾಯಿತು. 1767ರಲ್ಲಿ ರೆನೆಲ್ ಬಂಗಾಳದ ಸರ್ವೇಯರ್ ಜನರಲ್ ಆದ. ಢಾಕಾವನ್ನು ನೆಲೆ ಮಾಡಿಕೊಂಡು, ದಿಕ್ಸೂಚಿ, ಸರಪಳಿ, ದೂರ ಅಳೆಯುವ ಗಾಲಿಗಳನ್ನು ಹಿಡಿದು ಹಾದಿಗಳನ್ನೂ ಹೊಳೆಗಳನ್ನೂ ಬರೆದುಕೊಂಡ. 1766ರಲ್ಲಿ ಕೂಚ್‌ಬಿಹಾರದ ಸೀಮೆಯಲ್ಲಿ ಕಂಪೆನಿಯ ವಿರುದ್ಧ ತಿರುಗಿಬಿದ್ದಿದ್ದ ಸನ್ಯಾಸಿ-ಫಕೀರರ ಗುಂಪಿನೊಡನೆ ನಡೆದ ಕಾದಾಟದಲ್ಲಿ ಕತ್ತಿಯೇಟು ತಿಂದು ಸಾವಿನಂಚಿಗೆ ಹೋಗಿ ಬಂದ. ಆ ಗಾಯ ಅವನ ಆರೋಗ್ಯವನ್ನು ಕೊನೆಯತನಕ ಕೆಡಿಸಿತು. 1777ರಲ್ಲಿ ತಾಯ್ನಾಡಿಗೆ ಮರಳಿದವನು 1779ರಲ್ಲಿ ಲಂಡನ್ನಿನಲ್ಲಿ 'ಬೆಂಗಾಲ್ ಅಟ್ಲಾಸ್' ಪ್ರಕಟಿಸಿದ.

ಈ ನಕ್ಷೆ ಯಾರಿಗಾಗಿ ಬರೆದದ್ದು ಎಂಬುದರಲ್ಲಿ ಗುಟ್ಟೇನೂ ಇಲ್ಲ. ಸೈನ್ಯ ನಡೆಸುವವರಿಗೆ, ದೋಣಿ ಕಳಿಸುವವರಿಗೆ, ತೆರಿಗೆ ಎತ್ತುವವರಿಗೆ. ರೆನೆಲ್ ಅಳೆಯುತ್ತಿದ್ದ ಕಾಲದಲ್ಲೇ, 1770ರಲ್ಲಿ, ಬಂಗಾಳವನ್ನು ಭೀಕರ ಬರ ಹೊಡೆಯಿತು. ಮೂರನೇ ಒಂದು ಪಾಲು ಜನ ಸತ್ತರೆಂದು ಕಂಪೆನಿಯವರೇ ಅಂದಾಜು ಮಾಡಿದರು. ನಕ್ಷೆಯಲ್ಲಿ ಊರುಗಳ ಹೆಸರಿವೆ, ಆ ಊರುಗಳಲ್ಲಿ ಉಳಿದವರೆಷ್ಟು ಎಂಬ ಲೆಕ್ಕವಿಲ್ಲ.

ಆದರೂ ರೆನೆಲ್‌ಗೆ ಒಂದು ನ್ಯಾಯ ಸಲ್ಲಬೇಕು. ತಾನು ಅಳೆಯುತ್ತಿರುವುದು ನಿಲ್ಲದ ವಸ್ತುವನ್ನು ಎಂಬ ಅರಿವು ಅವನಿಗಿತ್ತು. 1781ರಲ್ಲಿ ರಾಯಲ್ ಸೊಸೈಟಿಯ ಮುಂದೆ ಮಂಡಿಸಿದ ಗಂಗಾ-ಬ್ರಹ್ಮಪುತ್ರಗಳ ಕುರಿತ ಪ್ರಬಂಧದಲ್ಲಿ, ತಾನು ಬಂಗಾಳದಲ್ಲಿದ್ದ 11 ವರ್ಷಗಳಲ್ಲೇ ಗಂಗೆಯಿಂದ ಜಲಂಗಿ ನದಿ ಕವಲೊಡೆಯುವ ಜಾಗ ಮುಕ್ಕಾಲು ಮೈಲಿ ಕೆಳಕ್ಕೆ ಸರಿದುಹೋಯಿತು ಎಂದು ಅವನೇ ಬರೆದಿದ್ದಾನೆ. ಈ ಎಚ್ಚರ ಅವನ ನಕ್ಷೆಯನ್ನು ಮುಂದೆ ಬಳಸಿದ ಎಲ್ಲರಿಗೂ ಇರಲಿಲ್ಲ.

ಬ್ರಹ್ಮಪುತ್ರ ಹಾದಿ ಬಿಟ್ಟದ್ದು

ರೆನೆಲ್‌ನ ನಕ್ಷೆಯಲ್ಲಿ ಬ್ರಹ್ಮಪುತ್ರ ಅಸ್ಸಾಮಿನಿಂದ ಇಳಿದು, ಜಮಾಲ್‌ಪುರ, ಮೈಮೆನ್‌ಸಿಂಗ್‌ಗಳನ್ನು ಹಾದು, ಮಧುಪುರದ ಎತ್ತರದ ನೆಲಕ್ಕೆ ಪೂರ್ವದಲ್ಲಿ ಹರಿದು ಭೈರವ್ ಬಜಾರಿನ ಬಳಿ ಮೇಘನಾ ಸೇರುತ್ತದೆ. ಪಶ್ಚಿಮಕ್ಕೆ ಜೆನಾಯಿ ಎಂಬ ಸಣ್ಣ ಹೊಳೆಯೊಂದಿದೆ. ತೀಸ್ತಾ ನದಿ ಬ್ರಹ್ಮಪುತ್ರದ ತಂಟೆಗೆ ಹೋಗದೆ ದಕ್ಷಿಣಕ್ಕೆ ಗಂಗೆಯ ಕಡೆ ಹರಿಯುತ್ತದೆ.

1787ರ ಮಹಾಪೂರದಲ್ಲಿ ತೀಸ್ತಾ ತನ್ನ ಹಳೆಯ ಪಾತ್ರ ತೊರೆದು ಬ್ರಹ್ಮಪುತ್ರವನ್ನು ಕೂಡಿಕೊಂಡಿತು. ಮುಂದಿನ ನಾಲ್ಕು ದಶಕಗಳಲ್ಲಿ ಬ್ರಹ್ಮಪುತ್ರವೂ ಸ್ವಲ್ಪ ಸ್ವಲ್ಪವಾಗಿ ಪಶ್ಚಿಮದ ಆ ಸಣ್ಣ ಹೊಳೆಗೆ ಹೊರಳಿತು. ಭೂಕಂಪಗಳಿಂದ ಮಧುಪುರದ ನೆಲ ಮೇಲೆದ್ದದ್ದು ಕಾರಣವೆಂದು ಕೆಲವರು, ತೀಸ್ತಾ ತಂದು ಸುರಿದ ನೀರು ಕಾರಣವೆಂದು ಕೆಲವರು, ಹಳೆಯ ಪಾತ್ರದಲ್ಲಿ ಹೂಳು ತುಂಬಿ ನದಿ ತಾನಾಗಿಯೇ ತಗ್ಗು ಹುಡುಕಿಕೊಂಡಿತೆಂದು ಮತ್ತೆ ಕೆಲವರು ಹೇಳುತ್ತಾರೆ. ಅಂತೂ 1830ರ ಹೊತ್ತಿಗೆ ಮುಖ್ಯ ಪ್ರವಾಹ ಪಶ್ಚಿಮದ ಹಾದಿಗೆ ಬಂದಾಗಿತ್ತು. ಇಂದು ಜಮುನಾ ಎಂದು ಕರೆಯುವ ನದಿ ಅದೇ. 1998ರಲ್ಲಿ ಅದರ ಮೇಲೆ ಕಟ್ಟಿದ ಸೇತುವೆಯ ಉದ್ದ ಸುಮಾರು 4.8 ಕಿಲೋಮೀಟರ್. ಮೈಮೆನ್‌ಸಿಂಗ್ ಬದಿಯಲ್ಲಿ ಉಳಿದದ್ದು 'ಹಳೆ ಬ್ರಹ್ಮಪುತ್ರ' ಎಂಬ ಹೆಸರು ಮತ್ತು ಬೇಸಿಗೆಯಲ್ಲಿ ಬತ್ತಿ ತೆಳ್ಳಗಾಗುವ ಹೊಳೆ. ರೆನೆಲ್ ತೀರಿಕೊಂಡದ್ದೂ 1830ರಲ್ಲೇ. ಅವನು ಕಣ್ಣುಮುಚ್ಚುವ ವೇಳೆಗೆ ಅವನು ಅಳೆದ ನದಿ ಅವನ ನಕ್ಷೆಯನ್ನು ಬಿಟ್ಟು ಹೋಗಿತ್ತು.

ಈ ಬದಲಾವಣೆಗೆ ಸಾಕ್ಷಿ ನುಡಿದವರಲ್ಲಿ ಕನ್ನಡಿಗರಿಗೆ ಪರಿಚಿತನಾದವನೊಬ್ಬನಿದ್ದಾನೆ. ಟಿಪ್ಪು ಸುಲ್ತಾನರ ಪತನದ ಬಳಿಕ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿ ಬರೆದ ಫ್ರಾನ್ಸಿಸ್ ಬುಕನನ್. ನಮ್ಮ ಇತಿಹಾಸಕಾರರು ಅವನ ಪ್ರವಾಸಕಥನವನ್ನು ಇಂದಿಗೂ ತಿರುವಿಹಾಕುತ್ತಾರೆ. ಅದೇ ಬುಕನನ್ 1807ರಿಂದ ಬಂಗಾಳದ ಜಿಲ್ಲೆಗಳನ್ನು ಸಮೀಕ್ಷಿಸಿದ. ರಂಗಪುರ ಜಿಲ್ಲೆಗೆ ಹೋದಾಗ, ರೆನೆಲ್ ಅಳೆದ ಮೇಲೆ ಇಲ್ಲಿನ ನದಿಗಳು ಎಷ್ಟು ಬದಲಾಗಿವೆಯೆಂದರೆ ಅವುಗಳ ಜಾಡು ಹಿಡಿಯುವುದೇ ಕಷ್ಟ ಎಂದು ಅವನು ದೂರಿಕೊಂಡ. ಒಂದು ತಲೆಮಾರು ಕಳೆಯುವುದರೊಳಗೆ ಕಂಪೆನಿಯ ಹೆಮ್ಮೆಯ ನಕ್ಷೆ ಹಳೆಯ ಕಾಲದ ದಾಖಲೆಯಾಗಿತ್ತು.

ನೀರು ಬಂದಲ್ಲಿ ಬೆಳೆದ ಸಮಾಜ

ನದಿಗಳ ಈ ಓಡಾಟ ಬ್ರಿಟಿಷರ ಕಾಲದಲ್ಲಿ ಆರಂಭವಾದದ್ದಲ್ಲ. ಗಂಗೆಯ ಮುಖ್ಯ ನೀರು ಒಂದು ಕಾಲಕ್ಕೆ ಪಶ್ಚಿಮದ ಭಾಗೀರಥಿಯಲ್ಲಿ ಹರಿಯುತ್ತಿತ್ತು. 16ನೆಯ ಶತಮಾನದ ಕೊನೆಯ ಹೊತ್ತಿಗೆ ಅದು ಪೂರ್ವದ ಪದ್ಮಾ ಕಡೆಗೆ ತಿರುಗಿತು. ಬಂಗಾಳ ಸುಲ್ತಾನರ ರಾಜಧಾನಿಯಾಗಿದ್ದ ಗೌಡ ನಗರ ಹಾಳು ಬಿದ್ದುದರಲ್ಲಿ ನದಿ ಬಿಟ್ಟುಹೋದದ್ದರ ಪಾಲೂ ಇದೆ.

ನದಿ ಎಲ್ಲಿಗೆ ತಿರುಗಿತೋ ಅಲ್ಲಿ ಮೆಕ್ಕಲು ಬಂತು, ಭತ್ತ ಬಂತು, ಜನ ಬಂದರು. ಇತಿಹಾಸಕಾರ ರಿಚರ್ಡ್ ಈಟನ್ 1993ರಲ್ಲಿ ಪ್ರಕಟಿಸಿದ ಬಂಗಾಳದ ಇಸ್ಲಾಮ್ ಕುರಿತ ಗ್ರಂಥದಲ್ಲಿ ಈ ಎರಡು ಸಂಗತಿಗಳನ್ನು ಜೋಡಿಸಿ ತೋರಿಸಿದರು. 1872ರ ಮೊದಲ ಜನಗಣತಿಯಲ್ಲಿ ಪೂರ್ವ ಬಂಗಾಳದ ಹಳ್ಳಿಗಳಲ್ಲಿ ಮುಸ್ಲಿಮರ ಸಂಖ್ಯೆ ಕಂಡು ಬ್ರಿಟಿಷ್ ಅಧಿಕಾರಿಗಳು ಬೆರಗಾಗಿದ್ದರು. ಕತ್ತಿಯಿಂದ ಹರಡಿದ ಮತವಾದರೆ ದಿಲ್ಲಿ, ಆಗ್ರಾಗಳ ಸುತ್ತ ಮುಸ್ಲಿಮರು ಹೆಚ್ಚಿರಬೇಕಿತ್ತಲ್ಲ, ದರ್ಬಾರಿನಿಂದ ದೂರದ ಈ ಕೆಸರಿನ ನಾಡಿನಲ್ಲೇಕೆ? ಈಟನ್ ಅವರ ಉತ್ತರ ಸರಳ. ಮೊಗಲರ ಕಾಲದಲ್ಲಿ ಪೀರರು, ಖಾಜಿಗಳು, ಹಾಜಿಗಳು ಕಾಡಿನ ಜಮೀನಿಗೆ ಸನದು ಪಡೆದು, ಕಾಡು ಕಡಿಸಿ ಗದ್ದೆ ಮಾಡಿಸಿದರು. ಬಿದಿರು, ಹುಲ್ಲುಗಳ ಪುಟ್ಟ ಮಸೀದಿಗಳು ಆ ಹೊಸ ಊರುಗಳ ನಡುವೆ ಎದ್ದವು. ಉಳುಮೆ ಮತ್ತು ದೀನ್ ಜೊತೆಜೊತೆಯಾಗಿ ಬೆಳೆದವು. ಇದನ್ನು ಒಪ್ಪುವುದಾದರೆ ಬಂಗಾಳಿ ಮುಸ್ಲಿಮ್ ರೈತನ ಹುಟ್ಟಿನ ಹಿಂದೆ ಸರಿಯುವ ನದಿಯೊಂದಿದೆ. ಅವನ ಪಾಡಿನ ಹಿಂದೆಯೂ ಅದೇ ನದಿ ಇದೆ ಎಂಬುದು ಮುಂದಿನ ಕಥೆ.

ಶಿಕಸ್ತಿ, ಪಯಸ್ತಿ

ನದಿಯ ನಡುವೆ ಹೂಳು ಕಟ್ಟಿ ಏಳುವ ನೆಲವನ್ನು ಬಂಗಾಳಿಗಳು 'ಚರ್' ಎನ್ನುತ್ತಾರೆ. ನಮ್ಮ ಕರಾವಳಿಯ ಓದುಗರಿಗೆ ಕುದ್ರು ಎಂದರೆ ಬೇಗ ಅರ್ಥವಾದೀತು. ಆದರೆ ನೇತ್ರಾವತಿ, ಸ್ವರ್ಣಾ ನದಿಗಳ ಕುದ್ರುಗಳಲ್ಲಿ ಅಜ್ಜ ನೆಟ್ಟ ತೆಂಗಿನಿಂದ ಮೊಮ್ಮಗ ಕಾಯಿ ಕೀಳುತ್ತಾನೆ. ಚರ್‌ಗೆ ಅಷ್ಟು ಆಯುಸ್ಸಿನ ಭರವಸೆ ಇಲ್ಲ. ಹಾಗಾಗಿ ಅಲ್ಲಿನ ಮನೆಗಳೂ ಬಿಚ್ಚಿ ದೋಣಿಗೆ ಹಾಕಿಕೊಂಡು ಹೋಗುವಂಥವು.

ಈ ನೆಲಕ್ಕೆ ಕಂದಾಯ ಕಚೇರಿಯಲ್ಲಿ ಎರಡು ಫಾರ್ಸಿ ಪದಗಳಿವೆ. ನದಿ ಕೊಚ್ಚಿದ್ದು ಶಿಕಸ್ತಿ, ಮತ್ತೆ ಕೂಡಿಬಂದದ್ದು ಪಯಸ್ತಿ. ಶಿಕಸ್ತ್ ಎಂದರೆ ಮುರಿತ, ಸೋಲು ಎಂಬುದು ಉರ್ದು ಬಲ್ಲವರಿಗೆ ಗೊತ್ತು. ತಹಶೀಲ್, ಜಮಾಬಂದಿ, ಖರಾಬು, ನಕಾಶೆ ಎಂಬ ನಮ್ಮ ಕನ್ನಡದ ಕಂದಾಯದ ಮಾತುಗಳೂ ಅರಬ್ಬಿ-ಫಾರ್ಸಿಯ ದಾರಿಯಲ್ಲೇ ಬಂದವು. ಶಿಕಸ್ತಿ, ಪಯಸ್ತಿ ಮಾತ್ರ ನಮಗೆ ಬೇಕಾಗಲಿಲ್ಲ.

1793ರ ಶಾಶ್ವತ ಜಮೀನ್ದಾರಿ ಪದ್ಧತಿ ಜಮೀನ್ದಾರನ ಕಂದಾಯವನ್ನು ಎಂದೆಂದಿಗೂ ಎಂದು ನಿಗದಿಮಾಡಿತು. ನಿಲ್ಲದ ನೆಲದ ಮೇಲೆ ನಿಂತ ಕಂದಾಯ! ಆಮೇಲೆ ಕಂಪೆನಿ ಸರಕಾರ 1825ರಲ್ಲಿ ಮೆಕ್ಕಲು ನೆಲದ ಬಗ್ಗೆ ಒಂದು ರೆಗ್ಯುಲೇಷನ್ ತಂದಿತು, 1847ರಲ್ಲಿ ಒಂದು ಕಾಯ್ದೆ ತಂದಿತು. ಹೊಸದಾಗಿ ಎದ್ದ ನೆಲವನ್ನು ಅಳೆದು ತೆರಿಗೆಗೆ ತರಲು 'ದಿಯಾರಾ' ಸರ್ವೆ ಎಂಬ ಬೇರೆಯೇ ವ್ಯವಸ್ಥೆ ಬಂತು. ದಡದ ಜಮೀನಿಗೆ ಮೆಲ್ಲಮೆಲ್ಲನೆ ಕೂಡಿದ ಮೆಕ್ಕಲು ದಡದವನಿಗೆ ಸೇರಬೇಕು ಎಂಬುದು ಕಾನೂನು. ಹಾಗಾದರೆ ಕೊಚ್ಚಿಹೋದ ಜಮೀನು ಅದೇ ಜಾಗದಲ್ಲಿ ಮತ್ತೆ ಎದ್ದರೆ? ಗಂಗಾ ತೀರದ ಲೋಪೆಜ್ ಮತ್ತು ಮದನ್ ಮೋಹನ್ ಠಾಕೂರ್ ನಡುವಿನ ಮೊಕದ್ದಮೆಯಲ್ಲಿ 1870ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಇದಕ್ಕೆ ಉತ್ತರ ಕೊಟ್ಟಿತು. ನೀರಿನಡಿ ಹೋದ ಮಾತ್ರಕ್ಕೆ ಒಡೆತನ ಅಳಿಯುವುದಿಲ್ಲ, ಜಾಗ ಇಂಥದ್ದೇ ಎಂದು ಗುರುತಿಸಲು ಸಾಧ್ಯವಾದರೆ ಅದು ಹಳೆಯ ಒಡೆಯನದೇ ಎಂದು ತೀರ್ಪಾಯಿತು.

ಗುರುತಿಸುವುದು ಹೇಗೆ? ಹಳೆಯ ನಕ್ಷೆಯಿಂದ. ಹೀಗೆ ಸರ್ಕಾರ ತೆರಿಗೆಗಾಗಿ ಬರೆಸಿದ ನಕ್ಷೆ ರೈತನಿಗೂ ಆಸರೆಯಾಯಿತು. 1888ರಿಂದ 1940ರವರೆಗೆ ನಡೆದ ಕಡಾಸ್ಟ್ರಲ್ ಸರ್ವೆಯಲ್ಲಿ ಒಂದು ಮೈಲಿಗೆ 16 ಅಂಗುಲದ ಪ್ರಮಾಣದಲ್ಲಿ ಮೌಜಾ ನಕ್ಷೆಗಳು ತಯಾರಾದವು. ಒಂದೊಂದು ಹೊಲಕ್ಕೂ ದಾಗ್ ನಂಬರು, ಒಬ್ಬೊಬ್ಬ ರೈತನಿಗೂ ಖತಿಯಾನ್. ಚರ್ ಎದ್ದಾಗ ಅಮೀನ ಆ ನಕ್ಷೆ ಹಿಡಿದು, ಅಳಿಯದೆ ಉಳಿದ ದಡದ ಗುರುತುಗಳಿಂದ ಅಳೆಯುತ್ತ ಬಂದು, ಮರಳಿನ ಮೇಲೆ ಇದು ನಿನ್ನದು, ಇದು ಅವನದು ಎಂದು ತೋರಿಸಬೇಕು. ಆದರೆ ಅಮೀನ ಬರುವ ಮೊದಲೇ ಬಲಶಾಲಿಗಳ ಲಾಠಿಯಾಳುಗಳು ಬಂದಿಳಿಯುತ್ತಿದ್ದರು. ಚರ್‌ಗಾಗಿ ಹರಿದ ರಕ್ತ ಬಂಗಾಳದ ಗ್ರಾಮೀಣ ಚರಿತ್ರೆಯ ದೊಡ್ಡ ಅಧ್ಯಾಯ. ಸ್ವತಂತ್ರ ಬಾಂಗ್ಲಾದೇಶ 1972ರಲ್ಲಿ ಮರಳಿ ಎದ್ದ ನೆಲವೆಲ್ಲ ಸರ್ಕಾರದ್ದೆಂದು ಆದೇಶಿಸಿತು. ಭೂಹೀನರಿಗೆ ಹಂಚುವುದು ಅದರ ಆಶಯ. 1994ರ ತಿದ್ದುಪಡಿ 30 ವರ್ಷದೊಳಗೆ ಎದ್ದರೆ ಭೂಮಿತಿಗೆ ಒಳಪಟ್ಟು ಹಳೆಯ ಒಡೆಯನಿಗೆ ಸಲ್ಲಬೇಕೆಂದಿತು. ಕಾನೂನು ಅತ್ತಿತ್ತ ಹೊಯ್ದಾಡಿದರೂ ಬಡವನ ಮುಂದಿನ ಪ್ರಶ್ನೆ ಒಂದೇ: ನಿನ್ನ ಹತ್ತಿರ ಕಾಗದ ಇದೆಯೆ?

ನೀರೂ ಅಲ್ಲ, ನೆಲವೂ ಅಲ್ಲ

ನದಿಗಿಂತಲೂ ನಕ್ಷೆಗೆ ಒಗ್ಗದ್ದು ಜೌಗು. ಸಿಲ್ಹೆಟ್, ಸುನಾಮ್‌ಗಂಜ್ ಕಡೆಯ 'ಹಾವೋರ್'ಗಳು ಬಟ್ಟಲಿನಂಥ ತಗ್ಗು ನೆಲಗಳು. ಸಾಗರ ಎಂಬ ಮಾತೇ ಸವೆದು ಹಾವೋರ್ ಆಯಿತೆನ್ನುತ್ತಾರೆ. ಅರ್ಧ ವರ್ಷ ಕಣ್ಣು ಹಾಯುವ ತನಕ ನೀರು, ದಿಬ್ಬದ ಮೇಲಿನ ಊರುಗಳು ದ್ವೀಪಗಳು. ನೀರಿಳಿದ ಮೇಲೆ ಅಲ್ಲಿಯೇ ಬೋರೊ ಭತ್ತ, ದನಗಳ ಮೇವು. 1778ರಲ್ಲಿ ಸಿಲ್ಹೆಟ್‌ಗೆ ಅಧಿಕಾರಿಯಾಗಿ ಹೊರಟ ರಾಬರ್ಟ್ ಲಿಂಡ್ಸೆ, ಢಾಕಾದಿಂದ ದೋಣಿಯಲ್ಲಿ ಸಾಗುವಾಗ ನಡುಗಡಲಿನಲ್ಲಿರುವಂತೆ ದಿಕ್ಸೂಚಿ ನೋಡಬೇಕಾಯಿತೆಂದು ನೆನೆದಿದ್ದಾನೆ.

ಹೊಲದ ಅಳತೆ ನಡೆಯುವುದು ಒಣಗಾಲದಲ್ಲಿ. ಹಾಗಾಗಿ ಮೌಜಾ ನಕ್ಷೆಯಲ್ಲಿ ಕಾಣುವುದು ವರ್ಷದ ಒಂದು ಮುಖ ಮಾತ್ರ. ಒಂದೇ ಜಾಗ ಕಾರ್ತಿಕದಲ್ಲಿ ಮೀನುಗಾರನದು, ಮಾಘದಲ್ಲಿ ಉಳುವವನದು, ನಡುವೆ ದನ ಕಾಯುವವನದು ಎಂಬ ಹಳೆಯ ಒಪ್ಪಂದವನ್ನು ಒಂದು ಗೆರೆಯಲ್ಲಿ ಬರೆಯಲು ಬರುವುದಿಲ್ಲ. ಕಾಗದಕ್ಕೆ ಬೇಕಾದದ್ದು ಒಂದು ಹೆಸರು, ಒಬ್ಬ ಒಡೆಯ. ಆದ್ದರಿಂದ ನೀರು 'ಜಲಮಹಲ್' ಆಯಿತು, ಹರಾಜಿನಲ್ಲಿ ಹೆಚ್ಚು ಹಣ ಕೂಗಿದವನ ಪಾಲಾಯಿತು. ತಲೆತಲಾಂತರದಿಂದ ಬಲೆ ಬೀಸಿದವನು ತನ್ನ ನೀರಿನಲ್ಲೇ ಕಳ್ಳನಾದ. ಟಾಂಗುವಾರ್ ಹಾವೋರ್ 2000ದಲ್ಲಿ ರಾಮ್ಸಾರ್ ಪಟ್ಟಿ ಸೇರಿ ಜಗತ್ತಿನ ಮುಖ್ಯ ಜೌಗುಪ್ರದೇಶವೆನಿಸಿತು. ಹಕ್ಕಿಗಳಿಗೆ ಸಿಕ್ಕ ಮಾನ್ಯತೆ ಮೀನುಗಾರನ ಹಕ್ಕಿಗೆ ಸಿಗುವುದು ಅಷ್ಟು ಸುಲಭವಾಗಿರಲಿಲ್ಲ. ನಮ್ಮಲ್ಲೂ ಕೆರೆಯಂಗಳ, ಗೋಮಾಳಗಳು ದಾಖಲೆಯಲ್ಲಿ 'ಖರಾಬು' ಎಂದಾದ ಮೇಲೆ ಏನಾದವೆಂಬುದು ಓದುಗರಿಗೆ ತಿಳಿದದ್ದೇ.

ಗೆರೆಯ ಆಚೆ ಈಚೆ

1947ರ ಜುಲೈಯಲ್ಲಿ ಮೊದಲ ಬಾರಿಗೆ ಭಾರತಕ್ಕೆ ಬಂದ ಸಿರಿಲ್ ರ್‍ಯಾಡ್‌ಕ್ಲಿಫ್ ಸುಮಾರು ಐದು ವಾರಗಳಲ್ಲಿ ಗಡಿ ಎಳೆದು ಮುಗಿಸಿದರು. ಬಂಗಾಳದಲ್ಲಿ ಅವರು ನೆಚ್ಚಿದ್ದು ಜಿಲ್ಲೆ, ಠಾಣೆಗಳ ಗೆರೆಗಳಿದ್ದ ನಕ್ಷೆಗಳನ್ನು ಮತ್ತು ಕೆಲವೆಡೆ ನದಿಗಳನ್ನು. ಗಂಗೆಯ ಯಾವ ಪಾತ್ರ, ಮಾಥಾಭಂಗಾ ನದಿಯ ಯಾವ ಹರಿವು ಎಂಬ ಜಗಳ ಬೇಗನೆ ಹುಟ್ಟಿತು. 1950ರಲ್ಲಿ ಸ್ವೀಡನ್ನಿನ ನ್ಯಾಯಾಧೀಶ ಆಲ್ಗಟ್ ಬಾಗೆ ಅವರ ಮಂಡಳಿ ಗಂಗೆಯ ಮೇಲಿನ ಗಡಿ ಸ್ಥಿರವಾಗಿರಬೇಕು, ನದಿಯೊಂದಿಗೆ ಅಲೆಯಬಾರದು ಎಂದು ಹೇಳಿತು. ಎರಡು ದೇಶಗಳಿಗೆ ಅದು ಅನುಕೂಲದ ಮಾತು. ಆದರೆ ಸರಿಯುವ ನದಿಯ ಜೊತೆ ಸರಿಯುತ್ತ ಬದುಕಿದವನ ಕಾಲಿಗೆ ಅಂದಿನಿಂದ ಒಂದು ಹಗ್ಗ ಬಿತ್ತು. ಹಳೆಯ ಕಾಲದಲ್ಲಾದರೆ ಈ ದಡ ಹೋದರೆ ಆ ದಡ ಇತ್ತು. ಈಗ ಆ ದಡ ಪರದೇಶ.

ಅಸ್ಸಾಮಿನ ಕಥೆ ಇನ್ನೂ ಕಹಿ. 20ನೆಯ ಶತಮಾನದ ಆರಂಭದಿಂದ ಮೈಮೆನ್‌ಸಿಂಗ್ ಮತ್ತು ಸುತ್ತಲಿನ ಜಿಲ್ಲೆಗಳ ರೈತರು ಬ್ರಹ್ಮಪುತ್ರದ ಮೇಲ್ಗಡೆಗೆ, ಅಸ್ಸಾಮಿನ ಚರ್‌ಗಳಿಗೆ ಹೋಗಿ ನೆಲೆಸಿದರು. ಊರಿನಲ್ಲಿ ಜಮೀನ್ದಾರನ ಕಾಟ, ಸಾಲದ ನೆಲ. ಅತ್ತ ಪಾಳುಭೂಮಿಯಿಂದ ಕಂದಾಯ ಬಯಸಿದ ಬ್ರಿಟಿಷ್ ಸರ್ಕಾರದ ಪ್ರೋತ್ಸಾಹ. ಬಂದವರ ಸಂಖ್ಯೆ ಏರಿದಾಗ ಸ್ಥಳೀಯರಲ್ಲಿ ತಮ್ಮ ನೆಲ, ನುಡಿಗಳ ಬಗ್ಗೆ ಅಂಜಿಕೆ ಹುಟ್ಟಿತು. ಅದನ್ನು ಸುಮ್ಮನೆ ತಳ್ಳಿಹಾಕುವುದು ನ್ಯಾಯವಲ್ಲ. 1920ರಲ್ಲಿ ಸರ್ಕಾರ 'ಲೈನ್ ಸಿಸ್ಟಮ್' ತಂದಿತು. ನಕ್ಷೆಯ ಮೇಲೆ ಗೆರೆ ಎಳೆದು ವಲಸಿಗರು ಈಚೆಗೆ, ಆಚೆಗೆ ಬರಕೂಡದು ಎಂದಿತು. ಈ ಪದ್ಧತಿಯ ವಿರುದ್ಧ ಹಳ್ಳಿಗಳಲ್ಲೂ ಅಸ್ಸಾಮ್ ಶಾಸನಸಭೆಯಲ್ಲೂ ದನಿ ಎತ್ತಿದವರು ಮೌಲಾನಾ ಅಬ್ದುಲ್ ಹಮೀದ್ ಖಾನ್. ಧುಬ್ರಿ ಬಳಿಯ ಭಾಸಾನ್ ಚರ್‌ನಲ್ಲಿ ರೈತರನ್ನು ಸಂಘಟಿಸಿದ ಅವರಿಗೆ 'ಭಾಸಾನಿ' ಎಂಬ ಹೆಸರೇ ಆ ಚರ್‌ನಿಂದ ಬಂತು.

1950ರ ಆಗಸ್ಟ್ 15ರಂದು ಅಸ್ಸಾಮನ್ನು ನಡುಗಿಸಿದ 8.6 ತೀವ್ರತೆಯ ಭೂಕಂಪದಿಂದ ಬೆಟ್ಟಗಳು ಕುಸಿದು ಬ್ರಹ್ಮಪುತ್ರದ ತಳ ಹೂಳಿನಿಂದ ಮೇಲೆದ್ದಿತು, ದಡ ಕೊರೆಯುವುದು ಹೆಚ್ಚಿತು. 1912-28ರ ಸರ್ವೆಯಲ್ಲಿ ಅಸ್ಸಾಮಿನಲ್ಲಿ ನದಿ ಆವರಿಸಿದ್ದು 3,870 ಚದರ ಕಿಲೋಮೀಟರ್. 1963-75ರಲ್ಲಿ 4,850. 2006ರಲ್ಲಿ 6,080. ಇದು ರಾಜ್ಯದ ಜಲಸಂಪನ್ಮೂಲ ಇಲಾಖೆಯೇ ಕೊಟ್ಟ ಲೆಕ್ಕ. 1950ರಿಂದೀಚೆಗೆ ರಾಜ್ಯ ಕಳೆದುಕೊಂಡ ನೆಲ 4.27 ಲಕ್ಷ ಹೆಕ್ಟೇರ್ ಎಂದೂ ಇಲಾಖೆ ಹೇಳುತ್ತದೆ. ಹಳೆಯ ಟೊಪೊ ನಕ್ಷೆಗಳು ಇಲ್ಲದಿದ್ದರೆ ಈ ನಷ್ಟವನ್ನು ಅಳೆಯಲು ಸಾಧ್ಯವೇ ಇರಲಿಲ್ಲ.

ಅದೇ ಅಸ್ಸಾಮಿನಲ್ಲಿ ಪೌರತ್ವ ನೋಂದಣಿ ನಡೆದಾಗ 1971ರ ಮಾರ್ಚ್ 24ಕ್ಕಿಂತ ಹಿಂದಿನ ಕಾಗದ ತೋರಿಸಿ ಎಂದರು. 2019ರ ಆಗಸ್ಟ್ 31ರ ಅಂತಿಮ ಪಟ್ಟಿಯಿಂದ 19,06,657 ಜನ ಹೊರಗುಳಿದರು. ಅವರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ, ಬುಡಕಟ್ಟಿನವರೂ ಇದ್ದಾರೆ. ಎಷ್ಟೋ ಚರ್‌ಗಳಿಗೆ ಹೊಲವಾರು ಸರ್ವೆಯೇ ಆಗಿಲ್ಲ. ಆದ ಊರುಗಳಲ್ಲೂ ಎಷ್ಟೋ ಇಂದು ನೀರಿನಡಿ ಇವೆ. ಊರು ಬಿಟ್ಟವನು ಅಲೆಮಾರಿ ಎನಿಸಿಕೊಂಡ, ಆದರೆ ಊರೇ ಅವನನ್ನು ಬಿಟ್ಟು ಹೋಗಿತ್ತು. ಚಿಕ್ಕ ವಯಸ್ಸಿನಲ್ಲಿ ಮದುವೆಯಾಗಿ ಮತ್ತೊಂದು ಚರ್‌ಗೆ ಹೋದ ಹೆಣ್ಣುಮಗಳ ಕಷ್ಟವಂತೂ ಇಮ್ಮಡಿ. ತಂದೆಯ ಮನೆಯ ಹೆಸರಿನಲ್ಲಿ ಅವಳಿಗೆ ಕಾಗದವಿಲ್ಲ, ಗಂಡನ ಮನೆಯ ಹೊಲ ನದಿಯಲ್ಲಿದೆ.

ಸಾಕ್ಷಿಯನ್ನು ಓದುವ ಬಗೆ

ಇಷ್ಟು ಹೇಳಿದ ಮಾತ್ರಕ್ಕೆ ನಕ್ಷೆಗಳೆಲ್ಲ ಸುಳ್ಳು, ಆಳುವವರ ಆಯುಧ ಎಂದು ನಾವು ಹೇಳುತ್ತಿಲ್ಲ. ರೆನೆಲ್‌ನ ನಕ್ಷೆ ಇಲ್ಲದಿದ್ದರೆ ಬ್ರಹ್ಮಪುತ್ರ ಹಾಸಿಗೆ ಬದಲಿಸಿದ ಸಂಗತಿಯನ್ನು ನಾವು ಇಷ್ಟು ನಿಖರವಾಗಿ ತಿಳಿಯುತ್ತಿರಲಿಲ್ಲ. ಮೌಜಾ ನಕ್ಷೆಯ ಬಲದಿಂದಲೇ ಎಷ್ಟೋ ಬಡವರು ಮುಳುಗಿದ ಹೊಲವನ್ನು ಮರಳಿ ಪಡೆದರು. ತಪ್ಪಿರುವುದು ಗೆರೆಯಲ್ಲಲ್ಲ, ಗೆರೆಯನ್ನು ಅದರ ತಾರೀಕು ಬಿಟ್ಟು ಓದುವುದರಲ್ಲಿ.

ಸಾಲದ ಕರಾರನ್ನು ಬರೆದಿಡಬೇಕು, ಬರೆಯುವವನು ನ್ಯಾಯದಿಂದ ಬರೆಯಬೇಕು, ಸಾಕ್ಷಿಗಳಿರಬೇಕು ಎಂಬ ನಿರ್ದೇಶ ಕುರ್‌ಆನಿನ ಅತ್ಯಂತ ದೀರ್ಘವಾದ ಆಯತಿನಲ್ಲಿದೆ. ಅಲ್ಲಿ ಕಾಗದ ಮತ್ತು ಸಾಕ್ಷಿ ಎರಡೂ ಇವೆ, ದುರ್ಬಲನ ಪರವಾಗಿ ಮಾತಾಡುವವನ ಪ್ರಸ್ತಾಪವೂ ಇದೆ. ನಕ್ಷೆಯೂ ಒಂದು ಬರಹ. ಬರೆದ ದಿನ ಕಂಡದ್ದನ್ನು ಅದು ಹೇಳುತ್ತದೆ. ಆಮೇಲೆ ನದಿ ಏನು ಮಾಡಿತೆಂದು ಹೇಳಬೇಕಾದವರು ದಡದ ಮುದುಕರು, ದೋಣಿ ನಡೆಸುವವರು, ಐದು ಸಲ ಮನೆ ಬಿಚ್ಚಿ ಕಟ್ಟಿದ ಹೆಂಗಸರು. ಅವರ ಮಾತನ್ನು ಹಳೆಯ ನಕ್ಷೆಯ ಪಕ್ಕದಲ್ಲಿಟ್ಟು ಕೇಳುವ ಕಚೇರಿ ಬೇಕು, ನ್ಯಾಯಾಲಯ ಬೇಕು.

ತನ್ನ ಕಣ್ಣೆದುರೇ ಜಲಂಗಿಯ ಬಾಯಿ ಮುಕ್ಕಾಲು ಮೈಲಿ ಸರಿದದ್ದನ್ನು ರೆನೆಲ್ ಮುಚ್ಚಿಡಲಿಲ್ಲ. ಎರಡೂವರೆ ಶತಮಾನದ ಹಿಂದಿನ ಕಂಪೆನಿ ನೌಕರನಿಗಿದ್ದ ಆ ಪ್ರಾಮಾಣಿಕತೆ ಇಂದು ಕಾಗದ ಕೇಳುವವರಿಗೂ ಬಂದರೆ, ನದಿ ಮಾಡಿದ ತಪ್ಪಿಗೆ ಮನುಷ್ಯನನ್ನು ಹೊಣೆ ಮಾಡುವುದು ನಿಂತೀತು.